ಕೊನೆಗೆ ಕ್ಯಾಲ್ಸಿಯಂ

ಕಾಸಾಬ್ಲಾಂಕಾ. ರಾತ್ರಿ ಪಾಳಿಯ ಔಷಧಿ ಕೋಣೆ.
ಗಾಜಿನ ಗೂಡಿನೊಳಕ್ಕೆ ಮೊಣಕೈತನಕ ತೋಳು ತೂರಿಸಿ
ಅಡುಗೆ ಮಾಡುತ್ತೇನೆ. ಒಲೆಯಿಲ್ಲ, ಒಗ್ಗರಣೆಯಿಲ್ಲ,
ರುಚಿ ನೋಡುವ ಹಾಗಿಲ್ಲ.
ಸಕ್ಕರೆ ನೀರು, ಅಮೈನೋ ಆಮ್ಲ, ಚಿಟಿಕೆಗೂ ಕಮ್ಮಿ ಉಪ್ಪುಗಳು.
ಫಾಸ್ಫೇಟ್ ಮೊದಲು. ಚೀಲ ಕುಲುಕಿ, ಕಾಯ್ದು,
ಕೊನೆಗೆ ಕ್ಯಾಲ್ಸಿಯಂ.
ಹಿಂದುಮುಂದಾದರೆ ಎರಡೂ ಅಲ್ಲೇ ಕೈಹಿಡಿದು
ಸುಣ್ಣದ ತಿಳಿಯಂತೆ ಮಬ್ಬಾಗಿ ಗರಣೆಗಟ್ಟುತ್ತವೆ.
ಮಗುವಿನಲ್ಲಿ ಮೂಳೆಯಾಗಬೇಕಾದ್ದು
ಕೊಳವೆಯಲ್ಲೇ ಕಲ್ಲಾಗಿಬಿಡುತ್ತದೆ.

ಆರನೇ ಪೆಟ್ಟಿಗೆಯ ಹುಡುಗಿಗೆ ಇನ್ನೂ ಹೆಸರಿಲ್ಲ.
ಇಪ್ಪತ್ತೇಳು ವಾರ. ಒಂಬೈನೂರ ಹತ್ತು ಗ್ರಾಂ.
ಸುತ್ತಿದ ಬಟ್ಟೆಯನ್ನೂ ಸೇರಿಸಿ ತೂಗಿದ್ದರೆಂದು ಆಮೇಲೆ ತಿಳಿದು
ಹೊಡೆದುಹಾಕಿ ಎಂಟುನೂರ ತೊಂಬತ್ತು ಎಂದು ಬರೆದೆವು.
ಬಸುರು ಮಕ್ಕಳ ಎಲುಬಿಗೆ ಬಡಿಸುವುದು
ಕೊನೆಯ ಮೂರು ತಿಂಗಳಲ್ಲಿ.
ಇವಳು ಬಡಿಸುವ ಮೊದಲೇ ಎದ್ದು ಬಂದವಳು.

ಹುಟ್ಟಿದ ದಿನದಿಂದಲೇ ಧಾರಾಳವಾಗಿ ಉಣಿಸಿದೆವು.
ಮೂರನೇ ದಿನ ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು.
ಏರಿದ್ದನ್ನು ಇಳಿಸಬೇಕು, ಅಷ್ಟೇ ತಾನೇ?
ಎರಡು ರಾತ್ರಿ ಕೈಯಾರೆ ನಾನೇ ತಗ್ಗಿಸಿದೆ,
ಸಹಿ ಹಾಕಿದೆ, ಸುಕೈನಾ ಎಂದು, ದುಂಡಗೆ.

ಐದನೇ ದಿನ ಡಾಕ್ಟರ್ ಲಮ್ಯಾ ಕೇಳಿದಳು,
ಫಾಸ್ಫೇಟ್ ಯಾರಾದರೂ ನೋಡಿದಿರಾ?
ಯಾರೂ ನೋಡಿರಲಿಲ್ಲ.
ನೋಡಿದರೆ, ತಳ ಕಂಡಿತ್ತು.
ಉಣಿಸಿದಷ್ಟೂ ಒಡಲ ಕಣಕಣ ಬಾಯಿ ತೆರೆದು
ರಕ್ತದಲ್ಲಿದ್ದದ್ದನ್ನೆಲ್ಲ ಒಳಗೆಳೆದುಕೊಂಡಿದೆ.
ಸಾಲದ್ದಕ್ಕೆ ಎಲುಬು ತನ್ನ ಗೋಡೆಯನ್ನೇ ಕೆಡವಿ ಕೊಟ್ಟಿದೆ.
ನಾವು ಹೆಚ್ಚಾಯಿತೆಂದು ಓದಿದ ಕ್ಯಾಲ್ಸಿಯಂ
ಆ ಗೋಡೆಯ ಧೂಳು.

ಅನ್ನವೇ ಹಸಿವು ತಂದಿತ್ತು.
ನಾನು ಆ ಹಸಿವಿಗೆ ಸಹಿ ಹಾಕಿದ್ದೆ.

ಮರುದಿನ ಗುರುವಾರ. ಅವಳಪ್ಪ ಬುಶ್ತಾ
ಖೂರಿಬ್ಗಾದಿಂದ ಬಸ್ಸು ಹಿಡಿದು ಬಂದ,
ಫಾಸ್ಫೇಟ್ ಗಣಿಯಲ್ಲಿ ಅದಿರು ಸಾಗಿಸುವ ಪಟ್ಟಿ ಕಾಯುವವನು.
ತಾಯಿ ಇಜ್ಜಾ ಹಾಲು ಹಿಂಡುವ ಯಂತ್ರ ಹಿಡಿದು
ಗೋಡೆಗೆ ಮುಖ ಮಾಡಿ ಕೂತಿದ್ದಳು.
ಏನು ಕಮ್ಮಿಯಾಗಿದೆ ಅವಳಿಗೆ, ಅಂದ.
ಹೇಳಿದೆ.
ತನ್ನ ಬೂಟು ನೋಡಿಕೊಂಡ.
ಹೊಲಿಗೆಯ ಸಂದಿಯಲ್ಲಿ ಬೂದುಬಿಳಿ ಹುಡಿ.
ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ.
ನಗಬಹುದೇನೋ ಅಂದುಕೊಂಡೆ. ನಗಲಿಲ್ಲ.
ದಿನಕ್ಕೆ ಎಷ್ಟು ರೈಲು ತುಂಬಿಸುತ್ತೇವೆ ಗೊತ್ತಾ ಎಂದು ಕೇಳಿ
ಎಷ್ಟೆಂದು ಹೇಳದೆ ಸುಮ್ಮನಾದ.
ಆ ಎರಡು ರಾತ್ರಿಯ ಮಾತು ಲಮ್ಯಾ ತಿಳಿಸಿದಳು,
ನನ್ನ ಹೆಸರು ಬಿಟ್ಟು.
ನಾನು ಅಲ್ಲೇ ನಿಂತಿದ್ದೆ.

ಹೊರಡುವಾಗ ಜೇಬಿನಿಂದ ತೆಗೆದ,
ಕಲ್ಲಾದ ಶಾರ್ಕಿನ ಹಲ್ಲು, ಪಟ್ಟಿಯ ಮೇಲೆ ಸಿಕ್ಕಿದ್ದು.
ನಮ್ಮೂರಲ್ಲಿ ಹಿಂದೆ ಕಡಲಿತ್ತಂತೆ,
ಅಗೆಯುವುದರಲ್ಲಿ ಎಷ್ಟೋ ಮೀನಿನ ಮೂಳೆಯಂತೆ.
ಪೆಟ್ಟಿಗೆ ಹತ್ತಿರ ಇಡುವ ಹಾಗಿಲ್ಲ, ಸೋಂಕು, ಅಂದೆ.
ಹಾಗಿದ್ದರೆ ನೀನೇ ಇಟ್ಟುಕೋ.

ಏಳನೇ ದಿನ ಟಗರು ಕಡಿಯಲಿಲ್ಲ, ನೆಂಟರು ಬರಲಿಲ್ಲ.
ಪೆಟ್ಟಿಗೆಯ ದುಂಡು ಕಿಂಡಿಗೆ ಬಾಯಿಟ್ಟು
ಅಪ್ಪ ಹೆಸರು ಹೇಳಿದ, ರಕಿಯಾ,
ಅಜ್ಜಿಯದು, ಅವಳಿಗಿಂತ ಭಾರ.
ಇಜ್ಜಾಳ ಹಾಲು ಒಂದು ಮಿಲಿಲೀಟರು ಮೂಗಿನ ಕೊಳವೆಯಲ್ಲಿ,
ಮಿಕ್ಕ ಒಂದು ಹನಿ ತುಟಿಗೆ.
ನಾಲಿಗೆ ಹೊರಳಿತು. ಅಷ್ಟೇ.

ಇವತ್ತಿನ ಅಂಕಿ ನಿನ್ನೆಗಿಂತ ಚೂರು ಮೇಲೆ.
ನಾಳೆಯದು ನಾಳೆ.
ಫಾಸ್ಫೇಟ್ ಮೊದಲು. ಕುಲುಕಿ, ಕಾಯ್ದು,
ನಾನು ಕದ್ದಿದ್ದ ಕ್ಯಾಲ್ಸಿಯಮ್ಮನ್ನು ಕೊನೆಗೆ ತಿರುಗಿ ಹಾಕಿ
ಚೀಲವನ್ನು ದೀಪಕ್ಕೆ ಹಿಡಿಯುತ್ತೇನೆ.
ನಿಲುವಂಗಿಯೊಳಗೆ ಹಲ್ಲು ತೊಡೆಗೆ ಚುಚ್ಚುತ್ತದೆ.
ತಿಳಿಯಾಗಿದೆ.
ಇನ್ನೊಮ್ಮೆ ನೋಡುತ್ತೇನೆ.